ಅಂಗೈಯಗಲದ ಗಣಕ: ಅಗ್ಗದ ಬೋರ್ಡನ್ನು ಆರಿಸುವ ಬಗೆ

ಉತ್ತರ ಇಟಲಿಯಲ್ಲಿ ಇವ್ರಿಯಾ ಎಂಬ ಊರಿದೆ. ಆ ಸೀಮೆಯ ಮಂಡಲೇಶ್ವರನಾಗಿದ್ದು, ಕ್ರಿ.ಶ. 1002ರಲ್ಲಿ ಇಟಲಿಯ ಸಿಂಹಾಸನವನ್ನೇರಿದ ಅರಸನ ಹೆಸರು ಆರ್ಡುಯಿನೊ. ಅವನ ಹೆಸರನ್ನು ಹೊತ್ತ ಪಾನಗೃಹವೊಂದು ಅಲ್ಲಿತ್ತು. ಸ್ಥಳೀಯ ವಿನ್ಯಾಸಶಾಲೆಯ ಮಾಸ್ಸಿಮೊ ಬಾಂಝಿ ಮತ್ತು ಅವರ ಸಂಗಡಿಗರು 2005ರಲ್ಲಿ ತಾವು ರೂಪಿಸಿದ ಪುಟ್ಟ ವಿದ್ಯುನ್ಮಾನ ಬೋರ್ಡಿಗೆ ಅದೇ ಹೆಸರನ್ನಿಟ್ಟರು. ಅದೇ ಶಾಲೆಯ ವಿದ್ಯಾರ್ಥಿ ಎರ್ನಾಂಡೊ ಬರ್ರಗಾನ್ 2003ರಲ್ಲಿ ತೊಡಗಿದ 'ವೈರಿಂಗ್' ಎಂಬ ಕೃಷಿಯೇ ಇದರ ತಳಹದಿ. ಆ ಹೆಸರು ಲೋಕಕ್ಕೆ ಅಷ್ಟಾಗಿ ತಿಳಿಯದೆ ಹೋದದ್ದು ನ್ಯಾಯವೆನಿಸದು.

ಬಟ್ಟೆ ಒಗೆಯುವ ಯಂತ್ರದೊಳಗೆ ನೀರಿನ ಮಟ್ಟವನ್ನು ಅರಿತು ಮೋಟಾರನ್ನು ನಡೆಸುವ ಚಿಪ್ಪೊಂದಿರುತ್ತದೆಯಷ್ಟೆ. ಅದಕ್ಕೆ ಮೈಕ್ರೊಕಂಟ್ರೋಲರ್ ಎಂದು ಹೆಸರು. ಅಂಥದೇ ಚಿಪ್ಪನ್ನು ಮಕ್ಕಳು ತಮ್ಮ ಪ್ರಯೋಗಗಳಿಗೆ ಬಳಸಲು ಅನುವಾಗುವಂತೆ ಸಜ್ಜುಗೊಳಿಸಿರುವುದೇ ಈ ಬೋರ್ಡು. ಮನೆಯ ಮೇಲಿನ ಟ್ಯಾಂಕು ತುಂಬಿದೊಡನೆ ಗಂಟೆ ಬಾರಿಸುವ ಸಾಧನವನ್ನು ಮಾಡುವೆನೆಂದು ಮಗಳು ಕೇಳುತ್ತಾಳೆ. ಸಾವಿರಾರು ರೂಪಾಯಿಯ ಪೆಟ್ಟಿಗೆಯ ಬೆಲೆಯನ್ನು ಕಂಡು ತಂದೆ ಮಾತು ಬದಲಿಸುತ್ತಾರೆ. ಹಾಗೆ ಮಾತು ಬದಲಿಸಬೇಕಾದ ಕಾರಣವೇ ಇಲ್ಲವೆಂಬುದನ್ನು ಇಲ್ಲಿ ನಿವೇದಿಸಬೇಕಾಗಿದೆ.

ಆರ್ಡುಯಿನೊ ರೂಪಿಸಿದವರು ತಮ್ಮ ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟರು. ಆ ನಕ್ಷೆಯಂತೆ ಯಾರು ಬೇಕಾದರೂ ಬೋರ್ಡು ತಯಾರಿಸಿ ಮಾರಬಹುದು. ಆರ್ಡುಯಿನೊ ಎಂಬ ಹೆಸರನ್ನು ಮಾತ್ರ ಹಚ್ಚುವಂತಿಲ್ಲ. ಆದಕಾರಣ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ದೊರೆಯುವ ಹೆಸರಿಲ್ಲದ 'ಯುನೊ ಮಾದರಿ' ಬೋರ್ಡು ಕಳ್ಳಮಾಲಲ್ಲ. ಮೂಲಸಂಸ್ಥೆಯ ಹೆಸರನ್ನೂ ಚಿಹ್ನೆಯನ್ನೂ ಸುಳ್ಳಾಗಿ ಅಚ್ಚೊತ್ತಿ ಮಾರುವುದು ಮಾತ್ರ ವಂಚನೆ. ಅನುಕೂಲವುಳ್ಳವರು ಮೂಲಸಂಸ್ಥೆಯದನ್ನೇ ಕೊಂಡರೆ ಒಳಿತು, ಇಲ್ಲದವರು ಸಂಕೋಚಪಡಬೇಕಾಗಿಲ್ಲ. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಎಂಬ ಚಿಪ್ಪಿರುವುದರಿಂದ, ಕೆಲವು ಕಂಪ್ಯೂಟರುಗಳಲ್ಲಿ ಅದರ ಡ್ರೈವರ್ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ.

ಯುನೊ ಮಾದರಿಯಲ್ಲಿಯೇ ಎರಡು ಬಗೆ. ಒಂದರಲ್ಲಿ ಎಟಿಮೆಗಾ328ಪಿ ಚಿಪ್ಪು ಉದ್ದನೆಯ ಸಾಕೆಟ್ಟಿನಲ್ಲಿ ಕೂತಿರುತ್ತದೆ. ಮತ್ತೊಂದರಲ್ಲಿ ಬೋರ್ಡಿಗೇ ಬೆಸೆದಿರುತ್ತದೆ. ಬೆಲೆ ತುಸು ಹೆಚ್ಚಾದರೂ ಕಲಿಯುವ ಮಕ್ಕಳಿಗೆ ಮೊದಲಿನದೇ ಮೇಲು. ತಂತಿ ತಪ್ಪಾಗಿ ಜೋಡಿಸಿ ಚಿಪ್ಪು ಸುಟ್ಟರೆ, ಬೂಟ್‌ಲೋಡರ್ ತುಂಬಿದ ಬೇರೆ ಚಿಪ್ಪನ್ನು ತಂದು ಕೂರಿಸಬಹುದು. ಕಲಿಯುವವರ ಕೈಯಲ್ಲಿ ಚಿಪ್ಪು ಸುಡುವುದು ಸಹಜವೇ ಸರಿ.

ವೈಫೈ ಬೇಕಾದಲ್ಲಿ, 2014ರಲ್ಲಿ ಬಳಕೆಗೆ ಬಂದ ಇಎಸ್‌ಪಿ8266 ಅಥವಾ 2016ರ ಇಎಸ್‌ಪಿ32 ಚಿಪ್ಪುಳ್ಳ ಬೋರ್ಡು ಸಾಕು. ಇಂಗ್ಲೆಂಡಿನ ಕೇಂಬ್ರಿಜ್‌ನಿಂದ 2021ರಲ್ಲಿ ಹೊರಬಂದ ರಾಸ್‌ಬೆರಿ ಪೈ ಪಿಕೊ ಬೋರ್ಡಿಗೆ ಆಗ ಗೊತ್ತುಮಾಡಿದ ಬೆಲೆ 4 ಡಾಲರ್ ಮಾತ್ರ. ಅದರಲ್ಲಿ ಪೈಥಾನ್ ಭಾಷೆಯ ಕಿರುರೂಪದಿಂದಲೂ ಕೆಲಸ ಮಾಡಿಸಬಹುದು.

ಹೆಸರು ಒಂದೇ ಆದುದರಿಂದ ಅನೇಕರು ಪಿಕೊ ಬೋರ್ಡನ್ನೂ ದೊಡ್ಡ ರಾಸ್‌ಬೆರಿ ಪೈಯನ್ನೂ ಒಂದೇ ಎಂದು ಭಾವಿಸುತ್ತಾರೆ. 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಬಿಡುಗಡೆಯಾದ ಆ ದೊಡ್ಡದು ಪೂರ್ಣ ಕಂಪ್ಯೂಟರೇ ಆಗಿದೆ. ಅದಕ್ಕೆ ಮೆಮೊರಿ ಕಾರ್ಡು, ತಕ್ಕ ಅಡಾಪ್ಟರು ಬೇಕು; ಸಾಮಾನ್ಯವಾಗಿ ಪರದೆಯೂ ಬೇಕು. ಕ್ಯಾಮೆರಾದ ಚಿತ್ರವನ್ನು ಪರಿಶೀಲಿಸುವಂಥ ಕೆಲಸಕ್ಕೆ ಅದು ಯೋಗ್ಯ. ಟ್ಯಾಂಕಿನ ಗಂಟೆಗೆ ಅದನ್ನು ಕೊಳ್ಳುವುದು ಬಿಂದಿಗೆ ನೀರು ತರಲು ಲಾರಿ ಗೊತ್ತುಮಾಡಿದಂತೆ.

ಬೆಲೆಗಿಂತ ಹೆಚ್ಚು ಗಮನವಿಡಬೇಕಾದುದು ವೋಲ್ಟೇಜಿನ ವಿಷಯ. ಯುನೊ 5 ವೋಲ್ಟಿನಲ್ಲಿ ನಡೆಯುತ್ತದೆ. ಪಿಕೊ ಮತ್ತು ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು. ನೀರಿನ ಮಟ್ಟ ಅಳೆಯಲು ಬಳಸುವ ಎಚ್‌ಸಿ-ಎಸ್‌ಆರ್04 ಎಂಬ ಅಗ್ಗದ ಸೆನ್ಸರ್ ಶ್ರವಣಾತೀತ ಶಬ್ದವನ್ನು ಕಳುಹಿಸಿ, ಅದರ ಮರುದನಿ ಬರುವ ಕಾಲದಿಂದ ದೂರವನ್ನು ತಿಳಿಸುತ್ತದೆ. ಆದರೆ ಅದು ಹೊರಡಿಸುವ ಸಂಕೇತ 5 ವೋಲ್ಟಿನದು. ಯುನೊಗೆ ನೇರವಾಗಿ ಜೋಡಿಸಬಹುದು. ಪಿಕೊಗೆ ಹಾಗೆಯೇ ಜೋಡಿಸಿದರೆ ಚಿಪ್ಪಿಗೆ ಅಪಾಯ. ನಡುವೆ 1 ಮತ್ತು 2 ಕಿಲೋಓಮಿನ ಎರಡು ರೆಸಿಸ್ಟರುಗಳನ್ನಿಟ್ಟರೆ ಸಂಕೇತ ಸುಮಾರು 3.3 ವೋಲ್ಟಿಗೆ ಇಳಿಯುತ್ತದೆ. ಈ ರೆಸಿಸ್ಟರುಗಳ ಬೆಲೆ ಕೆಲವೇ ರೂಪಾಯಿ.

ಕೊಳ್ಳುವ ಮೊದಲು ಇನ್ನೊಂದು ದಾರಿಯಿದೆ. ಟಿಂಕರ್‌ಕ್ಯಾಡ್, ವೋಕ್ವಿ ಎಂಬ ತಾಣಗಳಲ್ಲಿ ಪರದೆಯ ಮೇಲೆಯೇ ಬೋರ್ಡು ಜೋಡಿಸಿ ಪ್ರೋಗ್ರಾಮು ಬರೆದು ಉಚಿತವಾಗಿ ಪರೀಕ್ಷಿಸಬಹುದು. ಒಂದು ತಿಂಗಳು ಹಾಗೆ ಅಭ್ಯಾಸ ಮಾಡಿಯೂ ಮಗುವಿನ ಆಸಕ್ತಿ ಕುಂದದಿದ್ದರೆ ಆಗ ಕೊಡಿಸಬಹುದು. 2016ರಲ್ಲಿ ಆರಂಭವಾದ ಅಟಲ್ ಯೋಜನೆಯಡಿ ಹಲವು ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗಿನ ನೆರವಿನಿಂದ ಟಿಂಕರಿಂಗ್ ಲ್ಯಾಬುಗಳಾಗಿವೆ. ನಿಮ್ಮ ಮಕ್ಕಳ ಶಾಲೆಯಲ್ಲಿಯೂ ಇದ್ದು ಅದರ ಬೋರ್ಡುಗಳು ಬೀರುವಿನಲ್ಲಿಯೇ ಉಳಿದಿದ್ದರೆ, ಪಾಲಕರು ಮುಖ್ಯೋಪಾಧ್ಯಾಯರನ್ನು ಕಂಡು ವಿನಯದಿಂದ ಕೇಳುವುದರಲ್ಲಿ ತಪ್ಪೇನಿದೆ?

ಮಗಳ ಸಾಧನ ಗಂಟೆ ಬಾರಿಸುವಷ್ಟಕ್ಕೇ ನಿಂತರೆ ಮನೆಯಲ್ಲಿಯೇ ಮಾಡಿಕೊಳ್ಳಲಿ. ಪಂಪನ್ನೇ ನಿಲ್ಲಿಸುವ ಹಂತಕ್ಕೆ ಬಂದಾಗ ರಿಲೇಯ ಆಚೆ ಬದಿಯಲ್ಲಿ 230 ವೋಲ್ಟ್ ಹರಿಯುವುದರಿಂದ, ಆ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ನರ ಕೈಯಿಂದಲೇ ಮಾಡಿಸತಕ್ಕದ್ದು.