ಗೆಜ್ಜೆ ಬಿಚ್ಚಿಟ್ಟ ಮೇಲೆ



ಕಲಬುರಗಿಯ ನಮ್ಮ ಧರ್ಮಕೇಂದ್ರದ ಹಬ್ಬದ ಸಂಜೆ ಕಾರ್ಯಕ್ರಮಗಳಲ್ಲಿ ಈಚಿನ ವರ್ಷಗಳಲ್ಲಿ ನಮಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. "ಈ ಸಲ ನಿಮ್ಮ ನೃತ್ಯ ಇಲ್ಲೇನ್ರಿ?" ಪ್ರೀತಿಯಿಂದ ಕೇಳುವ ಮಾತೇ ಹೊರತು ಅದರಲ್ಲಿ ಕುಹಕವಿಲ್ಲ. "ಮಕ್ಕಳು ಕುಣಿಯುತ್ತಾರೆ, ನೋಡಿರಿ" ಎಂದು ಉತ್ತರಿಸುತ್ತೇವೆ. ಮೊದಮೊದಲು ಈ ಉತ್ತರವನ್ನು ಹೇಳುವಾಗ ಗಂಟಲು ಕಟ್ಟುತ್ತಿತ್ತು. ಈಗ ಕಟ್ಟುವುದಿಲ್ಲ. ಆ ಬದಲಾವಣೆ ಹೇಗಾಯಿತು ಎಂಬುದನ್ನು ಹೇಳಿಕೊಳ್ಳಲು ಈ ವಾರದ ಅಂಕಣವನ್ನು ಬಳಸಿಕೊಳ್ಳುತ್ತಿದ್ದೇವೆ.

ಸುಮಾರು ಇಪ್ಪತ್ತೈದು ವರ್ಷ ನಾವು ಭರತನಾಟ್ಯ ಮಾಡಿದೆವು. ಚರ್ಚಿನ ಅಂಗಳ, ಶಾಲೆಗಳ ವಾರ್ಷಿಕೋತ್ಸವ, ಡಾ. ಎಸ್.ಎಂ. ಪಂಡಿತ ರಂಗಮಂದಿರ, ಎಲ್ಲಿ ಕರೆದರೂ ಹೋದೆವು. ಮನೆಯಲ್ಲಿ ಅಭ್ಯಾಸ ನಡೆಯುತ್ತಿದ್ದುದು ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ. ನಮ್ಮ ಭಾಗದ ಮನೆಗಳಿಗೆ ಆ ಕಲ್ಲು ಬೇಸಿಗೆಯಲ್ಲಿ ತಂಪು ನೀಡುತ್ತದೆ, ನಿಜ. ಆದರೆ ಅರೆಮಂಡಿಯಲ್ಲಿ ಕುಳಿತು ದಿನಕ್ಕೆ ಸಾವಿರ ಸಲ ಹಿಮ್ಮಡಿ ಬಡಿಯುವ ನರ್ತಕರಿಗೆ ಅದು ಕರುಣೆ ತೋರುವುದಿಲ್ಲ. ಅರೆಮಂಡಿಯಲ್ಲಿ ಪಾದಗಳು ಹೊರಕ್ಕೆ ತಿರುಗಬೇಕು. ಆ ತಿರುವು ಸೊಂಟದ ಕೀಲಿನಿಂದ ಬರಬೇಕೇ ಹೊರತು ಮೊಣಕಾಲಿನಿಂದ ಅಲ್ಲ. ಎಳೆಯ ವಯಸ್ಸಿನಲ್ಲಿ ಈ ಸೂಕ್ಷ್ಮವನ್ನು ನಾವು ಅರಿಯದೆ ಹೋದೆವು. ಒಂದು ಹಬ್ಬದ ಸಂಜೆ ತಿಲ್ಲಾನದ ಕೊನೆಯ ತೀರ್ಮಾನದಲ್ಲಿ ಬಲ ಮೊಣಕಾಲು ಕುಸಿಯಿತು. ಮೃದಂಗದವರು ಸಮಯಪ್ರಜ್ಞೆಯಿಂದ ತಾಳ ಮುಗಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಯಾರಿಗೂ ತಿಳಿಯಲಿಲ್ಲ. ನಮಗೆ ತಿಳಿಯಿತು. ಅಂದು ಬಿಚ್ಚಿದ ಗೆಜ್ಜೆಯನ್ನು ವೇದಿಕೆಗಾಗಿ ಮತ್ತೆ ಕಟ್ಟಲಿಲ್ಲ.

ಅನಂತರದ ಎರಡು ವರ್ಷಗಳನ್ನು ನೆನೆಯಲು ನಾಚಿಕೆಯಾಗುತ್ತದೆ. ಬೇರೆಯವರ ನೃತ್ಯ ನೋಡಲು ಮನಸ್ಸಾಗುತ್ತಿರಲಿಲ್ಲ. ನೋಡಿದರೂ ತಪ್ಪುಗಳೇ ಕಾಣುತ್ತಿದ್ದವು. ಹೀಗಿರುವಾಗ ಪರಿಚಯದ ಕನ್ಯಾಸ್ತ್ರೀಯೊಬ್ಬರು, ಕಮಲಾಪುರದ ಕಡೆಯ ಮಕ್ಕಳಿಗೆ ಶನಿವಾರಗಳಂದು ನೃತ್ಯ ಕಲಿಸಬಾರದೇಕೆ ಎಂದು ಕೇಳಿದರು. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಹಣ್ಣು ಹೆಸರುವಾಸಿ. ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ. ಬೇಸರ ಕಳೆದರೆ ಸಾಕೆಂದು ಒಪ್ಪಿಕೊಂಡೆವು. ಸೇವಾಭಾವನೆಯಿಂದ ಹೋದೆವೆಂದು ಹೇಳಿದರೆ ಅದು ಸುಳ್ಳಾದೀತು.

ಕಲಿಸಲು ಹೋದ ನಾವು ಮೊದಲ ತಿಂಗಳುಗಳಲ್ಲಿ ಮಾಡಿದ್ದೇನು? ಮಕ್ಕಳ ಮುಂದೆ ನಿಂತು, ನೋವು ನುಂಗಿಕೊಂಡು, ನಾವೇ ಕುಣಿದೆವು. ಅವರು ಕಣ್ಣರಳಿಸಿ ನೋಡಿದರು. ಕಳೆದುಹೋಗಿದ್ದ ಸಭೆ ಮರಳಿ ಸಿಕ್ಕಂತಾಯಿತು. ಒಂದು ಶನಿವಾರ ತಾಂಡಾದ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವ್ ಕುಣೀತೀರಿ, ನಾವ್ ನೋಡ್ತೀವ್ರಿ. ನಾವ್ ಯಾವಾಗ ಕುಣೀಬೇಕ್ರಿ?" ಎಂದಳು. ಅವಳ ಮಾತಿನಲ್ಲಿ ಉದ್ಧಟತನವಿರಲಿಲ್ಲ, ಸಂದೇಹವಿತ್ತು, ಅಷ್ಟೆ. ಆ ದಿನ ಬಸ್ಸಿನಲ್ಲಿ ಕಲಬುರಗಿಗೆ ಮರಳುವಾಗ ದಾರಿಯುದ್ದಕ್ಕೂ ಆ ಮಾತು ನಮ್ಮನ್ನು ಚುಚ್ಚಿತು. ಮುಂದಿನ ವಾರ ತಟ್ಟುಮಣೆ, ಕೋಲು ಹಿಡಿದು ನೆಲದ ಮೇಲೆ ಕುಳಿತೆವು. ಮಕ್ಕಳು ನಿಂತರು. ಪಾಠ ಆರಂಭವಾದದ್ದು ಅಂದೇ.

ಈ ಸಂದರ್ಭದಲ್ಲಿ ನಮಗೆ ಆಸರೆಯಾದದ್ದು ಒಬ್ಬ ಹಿರಿಯ ಜೀವದ ಚರಿತ್ರೆ. ಮೈಸೂರು ಶೈಲಿಯ ಭರತನಾಟ್ಯದ ಮೇರು ಕಲಾವಿದೆ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಮೈಸೂರಿನ ಜೆಟ್ಟಿ ತಾಯಮ್ಮನವರಲ್ಲಿ ಶಿಷ್ಯವೃತ್ತಿಗೆ ಸೇರಿ, 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು. ದಶಕಗಳ ಕಾಲ ಅರಮನೆಯ ದರ್ಬಾರಿನಲ್ಲಿ ನರ್ತಿಸಿದರು. ಕಾಲ ಬದಲಾಯಿತು, ಅರಸೊತ್ತಿಗೆ ಹೋಯಿತು. ಅವರು ಮುಗಿದುಹೋದ ವೈಭವವನ್ನು ನೆನೆಯುತ್ತ ಕೂರಲಿಲ್ಲ. ತಮ್ಮದೇ ಶಾಲೆಯನ್ನು ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆಗಿ 1974ರವರೆಗೆ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದಿತು. 2002ರಲ್ಲಿ ಅವರು ತೀರಿಕೊಂಡಾಗ, ತಾಯಮ್ಮನವರಿಂದ ಅವರು ಪಡೆದ ಅಭಿನಯ ಅನೇಕ ಶಿಷ್ಯೆಯರ ಮುಖದಲ್ಲಿ, ಕೈಗಳಲ್ಲಿ ಉಳಿದಿತ್ತು. ಅವರು ಕೇವಲ ನರ್ತಿಸಿ ನಿಂತಿದ್ದರೆ, ದರ್ಬಾರಿನಲ್ಲಿ ಕುಳಿತಿದ್ದವರ ನೆನಪಿನೊಂದಿಗೇ ಆ ವಿದ್ಯೆಯೂ ಮಣ್ಣಾಗುತ್ತಿತ್ತು.

ಈ ಕಥೆಯನ್ನು ತಾಂಡಾದ ಮಕ್ಕಳಿಗೆ ಹೇಳಿದೆವು. "ನಮ್ಮವರಾ?" ಎಂದು ಅವರು ಕೇಳಿದ ಧ್ವನಿ ಇನ್ನೂ ಕಿವಿಯಲ್ಲಿದೆ. ಕುಣಿತವೆಂಬುದು ಆ ಮಕ್ಕಳಿಗೆ ಹೊಸದಲ್ಲ. ಶ್ರಾವಣದ ತೀಜ್ ಹಬ್ಬದಲ್ಲಿ ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ, ಸುತ್ತುಗಟ್ಟಿ ಹಾಡಿ ಕುಣಿಯುವ ಹೆಣ್ಣುಮಕ್ಕಳು ಅವರು. ತಾಳ ಅವರ ರಕ್ತದಲ್ಲಿಯೇ ಇತ್ತು. ನಾವು ಕೊಡಬೇಕಾಗಿದ್ದುದು ಅಡವಿನ ಶಿಸ್ತು ಮಾತ್ರ. ಕೊಡುವಾಗ ನಮ್ಮ ಸೋತ ಮೊಣಕಾಲೇ ನಮಗೆ ಪಾಠಪುಸ್ತಕವಾಯಿತು. ಕಲ್ಲು ನೆಲ ಬೇಡವೆಂದು ಮಣ್ಣಿನ ಅಂಗಳಕ್ಕೆ ಕರೆದೊಯ್ದೆವು. ಪ್ರತಿ ಮಗುವಿನ ಸೊಂಟ, ಮೊಣಕಾಲು, ಪಾದ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿದ ಮೇಲೆಯೇ ತಟ್ಟಡವು.

ನಮ್ಮ ಸಮುದಾಯದಲ್ಲಿಯೇ ಇನ್ನೊಂದು ನಿದರ್ಶನವಿದೆ. ದಕ್ಷಿಣ ಕನ್ನಡ ಮೂಲದ ಡಾ. ಫ್ರಾನ್ಸಿಸ್ ಬಾರ್ಬೋಜಾ ಅವರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಭರತನಾಟ್ಯವನ್ನು ಆಳವಾಗಿ ಅಭ್ಯಾಸ ಮಾಡಿದರು. ಕ್ರಿಸ್ತರನ್ನೂ ಮಾತೆ ಮರಿಯಮ್ಮನವರನ್ನೂ ಅಭಿನಯಿಸಲು ತಕ್ಕ ಹಸ್ತಗಳು ಸಂಪ್ರದಾಯದಲ್ಲಿ ಇಲ್ಲದಿದ್ದುದರಿಂದ, ಶಾಸ್ತ್ರದ ಚೌಕಟ್ಟಿನೊಳಗೇ ಅಂತಹ ಹಸ್ತಗಳನ್ನು ರೂಪಿಸಿದರು. ವೇದಿಕೆಯಲ್ಲಿ ತೋರಿಸಿದ್ದಕ್ಕೆ ತೃಪ್ತರಾಗದೆ 1990ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಮುಂದೆ ಅಮೆರಿಕದಲ್ಲಿ ಶಿಷ್ಯರಿಗೆ ಕಲಿಸಿದರು. ಒಬ್ಬರ ಸಾಧನೆ ಹಲವರ ಸೊತ್ತಾಗುವುದು ಈ ದಾರಿಯಿಂದಲೇ.

ಇನ್ನು, "ಯಾವಾಗ ಕುಣೀಬೇಕ್ರಿ" ಎಂದು ಕೇಳಿದ ಆ ಹುಡುಗಿಯ ಮಾತು. ಎರಡನೆಯ ವರ್ಷ ದಸರೆಯ ನಂತರ ಅವಳು ಪಾಠಕ್ಕೆ ಬರಲಿಲ್ಲ. ಮನೆಯವರೆಲ್ಲ ಕಬ್ಬು ಕಡಿಯುವ ಕೆಲಸಕ್ಕೆ ದೂರ ಹೋಗಿದ್ದರು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಅವಳನ್ನೂ ಕರೆದೊಯ್ದಿದ್ದರು. ನಮಗೆ ಬಹಳ ಸಂಕಟವಾಯಿತು. ಅಷ್ಟು ಚೆನ್ನಾಗಿ ಅರೆಮಂಡಿ ನಿಲ್ಲಿಸಿದ್ದ ಮಗು, ಎಲ್ಲವೂ ಕಬ್ಬಿನ ಗದ್ದೆಯಲ್ಲಿ ಕಳೆದುಹೋಯಿತೆಂದೇ ಭಾವಿಸಿದೆವು. ಬೇಸಿಗೆ ಕಾಲಿಟ್ಟಾಗ ಅವಳು ಮರಳಿದಳು, ಜೊತೆಯಲ್ಲಿ ಏಳು ವರ್ಷದ ತಂಗಿ. "ಇಕಿಗೂ ಸೇರಿಸ್ಕೋರಿ" ಎಂದಳು. ಮೊದಲಿನಿಂದ ಆರಂಭಿಸೋಣವೆಂದು ಕೋಲು ಎತ್ತಿದರೆ, ಆ ಪುಟ್ಟ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಮೊಣಕಾಲನ್ನು ನೇರ ಪಾದದ ಮೇಲೆ ತಂದು, ಮೂರು ಕಾಲಗಳಲ್ಲಿಯೂ ತಟ್ಟಡವು ಮಾಡಿ ತೋರಿಸಿತು. ಗುಡಿಸಲಿನ ಮುಂದಿನ ಮಣ್ಣಿನಲ್ಲಿ ಅಕ್ಕ ಕಲಿಸಿದ್ದಳು. ತಟ್ಟುಮಣೆಯ ಬದಲು ಒಂದು ಡಬ್ಬಿಯನ್ನು ಬಡಿದಿದ್ದಳಂತೆ.

ಅಂದು ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಮಗೆ ಇಪ್ಪತ್ತೈದು ವರ್ಷ ಕುಣಿದ ಮೇಲೂ ಹೊಳೆಯದಿದ್ದುದನ್ನು ಆ ಬಾಲೆ ಎರಡು ವರ್ಷದಲ್ಲಿ ಮಾಡಿ ತೋರಿಸಿದ್ದಳು. ತನಗೆ ಬಂದದ್ದನ್ನು ಬಂದಷ್ಟೇ ಇನ್ನೊಬ್ಬರಿಗೆ ಕೊಟ್ಟಿದ್ದಳು. ತನ್ನ ಹಿಂದೆ ಬರುವವರು ದೊಡ್ಡವರಾಗಲೆಂದು ಸಂತೋಷದಿಂದ ಪಕ್ಕಕ್ಕೆ ಸರಿದು ನಿಂತ ಸ್ನಾನಿಕ ಯೊವಾನ್ನರ ಕಥೆಯನ್ನು ಎಷ್ಟೋ ಬಾರಿ ದೇವಾಲಯದಲ್ಲಿ ಕೇಳಿದ್ದೆವು. ಅದರ ಅರ್ಥ ನಮಗೆ ತಿಳಿದದ್ದು ಕಮಲಾಪುರದ ಆ ಅಂಗಳದಲ್ಲಿ.

ನಮ್ಮ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ನೃತ್ಯ, ಸಂಗೀತ ಕಲಿಸುತ್ತೇವೆ. ಹಣ ವೆಚ್ಚ ಮಾಡಿ ಪರೀಕ್ಷೆಗಳಿಗೆ ಕೂರಿಸುತ್ತೇವೆ. ಮದುವೆಯಾದೊಡನೆ ಗೆಜ್ಜೆ ಟ್ರಂಕಿನ ತಳ ಸೇರುತ್ತದೆ. ವರ್ಷಕ್ಕೊಮ್ಮೆ ಹಳೆಯ ಫೋಟೋ ನೋಡಿ ನಿಟ್ಟುಸಿರು ಬಿಡುತ್ತೇವೆ. ಹಾಗಾಗಬೇಕಾಗಿಲ್ಲ. ವೇದಿಕೆ ಏರಲು ವಯಸ್ಸು, ಮೈಕಟ್ಟು, ಮನೆಯವರ ಅನುಮತಿ ಎಲ್ಲವೂ ಬೇಕಾಗಬಹುದು. ನೆರೆಮನೆಯ ಎರಡು ಮಕ್ಕಳನ್ನು ಭಾನುವಾರ ಪೂಜೆಯ ನಂತರ ಅರ್ಧ ತಾಸು ನಿಲ್ಲಿಸಿ ಕಲಿಸಲು ಇವಾವುವೂ ಬೇಕಿಲ್ಲ. ಕಲಿತದ್ದು ಅಲ್ಪವೆಂಬ ಸಂಕೋಚವಿದ್ದರೆ, ಡಬ್ಬಿ ಬಡಿದು ತಂಗಿಗೆ ಕಲಿಸಿದ ಹುಡುಗಿಯನ್ನು ನೆನೆಯಿರಿ.

ನಮ್ಮ ಗೆಜ್ಜೆಯನ್ನು ಕಳೆದ ಹಬ್ಬಕ್ಕೆ ಅವಳೇ ಕಟ್ಟಿಕೊಂಡಳು. ಅವಳ ಕಾಲಿಗೆ ಸ್ವಲ್ಪ ದೊಡ್ಡದಾಯಿತು. ಪಟ್ಟಿಗೆ ಇನ್ನೊಂದು ತೂತು ಹಾಕಿಸಿದೆವು.