ಜ್ವರ ಎದ್ದ ಮೇಲೆ ಬಂದ ಕಾಗದ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನಲ್ಲಿ ಪಾಸ್ ಬರೆಸುತ್ತ ನಿಂತಿದ್ದೆ. ಸೆಕ್ಯೂರಿಟಿಯವರ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹೊಗಳಿದೆ. ‘ಮಿಲಿಟರಿಲಿ ಕಾಗದ ಬರೆದೂ ಬರೆದೂ ಬಂದದ್ದು ಸಾರ್’ ಎಂದರು. ಬಂದ ಕೆಲಸ ಮರೆತೇಹೋಯಿತು. ಸಂಜೆ ಅವರ ಮನೆಯಲ್ಲಿ ಹಳೆಯ ಕಾಗದಗಳ ಟ್ರಂಕು ತೆರೆಯಿತು.

1999ರ ಬೇಸಿಗೆ, ಕಾರ್ಗಿಲ್ ಯುದ್ಧ. ಇವರು ಕಾಶ್ಮೀರದಲ್ಲಿ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಒಂದೆಕರೆ ಹಿಪ್ಪುನೇರಳೆ, ತಟ್ಟೆ ತುಂಬ ರೇಷ್ಮೆಹುಳು. ಪತ್ರದ ವಿಳಾಸ 56 ಎಪಿಒ ಎಂಬ ಸೇನಾ ಅಂಚೆ ಸಂಖ್ಯೆ. ಪೂರ್ವದ ಗಡಿಯಲ್ಲಿದ್ದವರಿಗಾದರೆ 99. ಗಂಡ ಯಾವ ಬೆಟ್ಟದ ಮೇಲಿದ್ದಾನೆಂದು ಅದರಿಂದ ತಿಳಿಯುವಂತಿಲ್ಲ.

ಒಂದು ಕಾಗದದಲ್ಲಿ ಆಕೆ ಬರೆದಿದ್ದರು: ‘ಇತ್ತ ಎಲ್ಲ ಕ್ಷೇಮ. ನಾಲ್ಕನೇ ಜ್ವರಕ್ಕೆ ಕೂತಿವೆ. ಸೊಪ್ಪು ಸಾಲಲ್ಲ, ಕೊಳ್ಳಲೋ?’ ಜೊತೆಗಿದ್ದ ಕರಾವಳಿಯ ಜವಾನ ಅದನ್ನೋದಿ, ಮಕ್ಕಳಿಗೆ ನಾಲ್ಕನೇ ಸಲ ಜ್ವರವೆಂದು ಗಾಬರಿಯಾಗಿದ್ದನಂತೆ!

ರಾಮನಗರ ಸೀಮೆಯವರಿಗೆ ಜ್ವರವೆಂದರೆ ಹುಳು ಪೊರೆ ಬಿಡುವುದೆಂದು ಹೇಳಬೇಕಿಲ್ಲ. ಆದರೂ ಈ ಲೆಕ್ಕ ನನ್ನನ್ನು ಬಿಡಲೊಲ್ಲದು. ನಾಲ್ಕನೇ ಜ್ವರ ಎದ್ದ ಹುಳು ಸುಮಾರು ಒಂದು ವಾರ ಮೇಯುತ್ತದೆ. ತನ್ನ ಆಯುಷ್ಯದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ತಿನ್ನುವುದು ಆಗಲೇ. ಆಮೇಲೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಗೂಡು ಬಿಡಿಸಿ ಬೇಗ ಮಾರುಕಟ್ಟೆಗೆ ಒಯ್ಯದಿದ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ಕಾಗದ ಹೋಗಲು ಹತ್ತು ದಿನ, ಉತ್ತರ ಬರಲು ಹತ್ತು ದಿನ. ‘ಕೊಂಡುಕೋ’ ಎಂಬ ಅಪ್ಪಣೆ ಊರು ಮುಟ್ಟುವಷ್ಟರಲ್ಲಿ ರಾಮನಗರದಲ್ಲಿ ಗೂಡು ಮಾರಿ, ಸೊಪ್ಪಿನವರ ಬಾಕಿಯೂ ತೀರಿತ್ತು.

ಯುದ್ಧಕ್ಕೂ ನಮ್ಮ ರೇಷ್ಮೆಗೂ ನಂಟು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು ಪ್ಯಾರಾಚೂಟಿಗೆ ಮೈಸೂರು ರೇಷ್ಮೆ ಬೇಕಾಯಿತು. ಯುದ್ಧ ಮುಗಿದದ್ದೇ ಬೇಡಿಕೆ ಕುಸಿಯಿತು. ಈ ಮನೆಯ ತೋಟವೂ ಈಗಿಲ್ಲ, ಕೈಗಾರಿಕಾ ಪ್ರದೇಶಕ್ಕೆ ಸೇರಿದೆ.

ಗಡಿಯಲ್ಲಿ ನಿಂತು ಕಾಗದದಲ್ಲೇ ಸಂಸಾರ ನಡೆಸಿದರು ಎಂದು ನಾವು ಬರೆಯುವುದುಂಟು. ನನಗೀಗ ಅನುಮಾನ. ‘ಉತ್ತರಕ್ಕೆ ಕಾಯುತ್ತಿರಲಿಲ್ಲ ಅಂದಮೇಲೆ ಕೇಳಿದ್ದೇಕಮ್ಮಾ?’ ಎಂದೆ.

ಆಕೆ ಕಾಫಿ ಲೋಟ ಮುಂದಿಟ್ಟರು. ‘ಕೇಳ್ದೆ ಇದ್ರೆ, ಮನೇಲಿ ನನ್ನ ಅವಶ್ಯಕತೆನೇ ಇಲ್ಲ ಅಂದ್ಕೊಳ್ಳೋರು. ಅಷ್ಟು ದೂರದಲ್ಲಿ ಒಬ್ಬರೇ ಇರೋರಿಗೆ ಅದೊಂದು ಯಾಕೆ?’

ಯಜಮಾನರು ನನ್ನತ್ತ ತಿರುಗಿದರು. ‘ನೋಡಿ ಸಾರ್, ಇಷ್ಟು ವರ್ಷ ಇದನ್ನ ನನಗೆ ಹೇಳೇ ಇಲ್ಲ.’