ಪಟ್ಟಣದಲ್ಲಿ ಮೀನು ಸಾಕಣೆ: ಮೊದಲು ಅಪ್ಪಣೆ, ಆಮೇಲೆ ತೊಟ್ಟಿ

ಹಳ್ಳಿಯಲ್ಲಿ ಮೀನು ಸಾಕುವವನು ತನ್ನ ಹೊಲದಲ್ಲಿ ಹೊಂಡ ತೋಡಿಸುತ್ತಾನೆ. ಇಲ್ಲವೆ ಊರಿನ ಸಣ್ಣ ಕೆರೆಯ ಮೀನಿನ ಹಕ್ಕನ್ನು ಗ್ರಾಮ ಪಂಚಾಯಿತಿಯಿಂದ ಪಡೆಯುತ್ತಾನೆ. ಆದರೆ ನಮ್ಮ ರೈತಬಂಧುಗಳ ಮಕ್ಕಳು ಅನೇಕರು ಈಗ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಅಂಥವರಲ್ಲೊಬ್ಬರು ನಂದಿನಿ ಲೇಔಟ್‌ನಲ್ಲಿ ೩೦–೪೦ ಅಡಿಯ ನಿವೇಶನದ ಮೂಲೆಯಲ್ಲಿ ಬಯೋಫ್ಲಾಕ್ ತೊಟ್ಟಿ ಇಟ್ಟು ಮೀನು ಬೆಳೆಸಬೇಕೆಂದರೆ ಏನು ಮಾಡತಕ್ಕದ್ದು? ಸಾಲ ತಂದು ತೊಟ್ಟಿ ಕಟ್ಟಿದ ಮೇಲೆ ಅಪ್ಪಣೆ ಕೇಳಿದರೆ, ಅದು ಸಿಗದಾಗ ನಷ್ಟ ಮನೆಯವರದೇ.

ಯಾರನ್ನು ಕೇಳಬೇಕು?

೨೦೨೫ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದವು. ನಂದಿನಿ ಲೇಔಟ್ ಪಶ್ಚಿಮ ಪಾಲಿಕೆಗೆ ಸೇರಿದೆ. ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಈ ಉದ್ದಿಮೆಗೆ ಅವಕಾಶವುಂಟೆ, ಉದ್ದಿಮೆ ಪರವಾನಗಿ ಬೇಕೆ ಎಂಬುದನ್ನು ಅಲ್ಲಿಯೇ ಬರೆದು ಕೇಳಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು. ಅರ್ಜಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಮೀನುಮರಿ, ತರಬೇತಿ, ಸಹಾಯಧನಗಳ ವಿಚಾರಕ್ಕೆ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರನ್ನು ಕಾಣಿರಿ. ೨೦೨೦ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ ೪೦, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡ ೬೦ರ ಸಹಾಯಧನ ಗೊತ್ತಾಗಿತ್ತು. ಆದರೆ ಸಹಾಯಧನದ ಮಂಜೂರಾತಿ ಬೇರೆ, ಪಾಲಿಕೆಯ ಅಪ್ಪಣೆ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದು ಸಿಕ್ಕಂತಾಗದು.

ಅರ್ಜಿಯಲ್ಲಿ ಏನಿರಬೇಕು?

ಭಾರ: ನಾಲ್ಕು ಮೀಟರ್ ಅಗಲದ ದುಂಡು ತೊಟ್ಟಿಯಲ್ಲಿ ಒಂದು ಮೀಟರ್ ನೀರು ನಿಲ್ಲಿಸಿದರೆ ಸುಮಾರು ೧೨,೫೦೦ ಲೀಟರ್, ತೂಕ ಹನ್ನೆರಡೂವರೆ ಟನ್ನು. ಚದರ ಮೀಟರಿಗೆ ೧,೦೦೦ ಕಿಲೋ ಆಯಿತು. ಸಾಧಾರಣ ಮನೆಯ ತಾರಸಿಯನ್ನು ೧೫೦–೨೦೦ ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದುದರಿಂದ ತೊಟ್ಟಿ ನೆಲದ ಮೇಲೆಯೇ ಇರಲಿ.

ಬರುವ ನೀರು: ೨೦೨೪ರ ಮಾರ್ಚ್‌ನ ಬರದಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ೫,೦೦೦ ರೂಪಾಯಿ ದಂಡ ಗೊತ್ತುಮಾಡಿತು. ಕಾವೇರಿ ನೀರನ್ನು ನಂಬಿ ಅರ್ಜಿ ಬರೆಯುವುದು ಬೇಡ. ಕೊಳವೆಬಾವಿ ಕೊರೆಯಲೂ ಅನುಮತಿ ಬೇಕು. ಮಳೆನೀರು ಮೇಲು: ೧,೦೦೦ ಚದರ ಅಡಿ ತಾರಸಿಯ ಮೇಲೆ ೧೦೦ ಮಿಲಿಮೀಟರ್ ಮಳೆಯಾದರೆ ೯,೦೦೦ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ.

ಹೋಗುವ ನೀರು: ತೊಟ್ಟಿಯ ತಳದ ಕೊಳೆಯನ್ನು ಆಗಾಗ ತೆಗೆಯಬೇಕು. ಇದನ್ನು ಮಳೆನೀರಿನ ಚರಂಡಿಗೆ ಬಿಡಬಾರದು. ಗಿಡಗಳಿಗೆ ಇದು ಒಳ್ಳೆಯ ಗೊಬ್ಬರ. ಯಾವ ಗಿಡಕ್ಕೆ, ಎಷ್ಟು ಎಂಬುದನ್ನು ನಕ್ಷೆಯಲ್ಲಿ ತೋರಿಸಿರಿ.

ಮೀನಿನ ಜಾತಿ: ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷಿದ್ಧ. ತಿಲಾಪಿಯಾಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು.

ಮಾರಾಟ: ಆಹಾರ ಸುರಕ್ಷತಾ ಕಾಯಿದೆ (೨೦೦೬) ಮೀನು ಬೆಳೆಸುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಅಂಗಡಿ ತೆರೆದು ಕತ್ತರಿಸಿ ಮಾರುವುದಾದರೆ ನೋಂದಣಿ ಅಗತ್ಯ.

ನೆರೆಯವರ ಮಾತು

ಗಾಳಿ ಊದುವ ಪಂಪು ಹಗಲು ರಾತ್ರಿ ನಡೆಯಬೇಕು. ನಿಂತರೆ ಸ್ವಲ್ಪ ಹೊತ್ತಿನಲ್ಲಿಯೇ ಮೀನು ಸಾಯತೊಡಗುತ್ತವೆ. ಸತ್ತ ಮೀನಿನ ನಾತ, ಪಂಪಿನ ಸದ್ದು ಎರಡೂ ಗೋಡೆಯಾಚೆಗೆ ಹೋಗುತ್ತವೆ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆಯನ್ನು ಬರೆಸಿಕೊಂಡು ಅರ್ಜಿಯೊಡನೆ ಲಗತ್ತಿಸುವುದು ವಿವೇಕ. ವಿದ್ಯುತ್ ಹೋದಾಗಿನ ಏರ್ಪಾಡನ್ನೂ ಬರೆಯಿರಿ.

ಅಪ್ಪಣೆ ದೊರೆಯದಿದ್ದರೆ ನಿರಾಶೆ ಬೇಡ. ಊರಿನ ಹೊಲದಲ್ಲಿ ಹೊಂಡ, ಪಟ್ಟಣದ ಮಗನ ಕೈಯಲ್ಲಿ ಮಾರಾಟ ಎಂಬ ಏರ್ಪಾಡೂ ಉಂಟು. ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ತಂದೆ ಮಕ್ಕಳು ಒಮ್ಮೆ ಅಲ್ಲಿಗೆ ಹೋಗಿ ವಿಚಾರಿಸಿ, ಬಳಿಕ ಹಣ ಹೂಡುವುದು ಲೇಸು.